ಅವ್ವನ ಹೆಸರು ಸರಿ ಇದೆಯಾ ಅಂತ ಯಾರೂ ಕೇಳಲಿಲ್ಲ

ಅಪ್ಪನ ದಿವಸ ಮುಗಿದ ಮರುದಿನ ಅವರ ಕಪ್ಪು ಟ್ರಂಕ್ ತೆಗೆದೆ. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಆರ್ಮಿ ನಂಬರ್. ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಶನ್ ಮಂಜೂರಾದ ಆದೇಶ ಪತ್ರ), ಕ್ಯಾಂಟೀನ್ ಕಾರ್ಡ್. ಎಲ್ಲಾ ಅಚ್ಚುಕಟ್ಟು. ಹೆಂಡತಿಯ ಹೆಸರಿನ ಸಾಲಿಗೆ ಬಂದೆ. ಅಲ್ಲಿ ಅವ್ವನ ಹೆಸರು "ವ್ವ" ಅಂತ ಮುಗಿದಿತ್ತು. ಆಧಾರ್‌ನಲ್ಲಿ ಅದೇ ಹೆಸರು "ಬಾಯಿ" ಅಂತ ಮುಗಿಯುತ್ತದೆ. ಹುಟ್ಟಿದ ತಾರೀಖಿನ ಜಾಗ ಖಾಲಿ.

ಇಷ್ಟಕ್ಕೇ ಅವ್ವನ ಫ್ಯಾಮಿಲಿ ಪೆನ್ಶನ್ ಏಳು ತಿಂಗಳು ಬರಲಿಲ್ಲ.

ಅಫಿಡವಿಟ್ ಕೊಟ್ಟೆವು. ಮದುವೆ ಸರ್ಟಿಫಿಕೇಟ್ ತನ್ನಿ ಅಂದರು. ಐವತ್ತು ವರ್ಷದ ಹಿಂದೆ ಊರ ಗುಡಿ ಮುಂದೆ ಆದ ಮದುವೆಗೆ ಸರ್ಟಿಫಿಕೇಟ್ ಎಲ್ಲಿಂದ ತರೋದು? ಒಂದು ಕೌಂಟರ್‌ನಲ್ಲಿ ಅವ್ವನನ್ನು "ನೀವೇ ಅವರ ಹೆಂಡತಿ ಅನ್ನೋದಕ್ಕೆ ಏನು ಗ್ಯಾರಂಟಿ?" ಅಂತ ಕೇಳಿದರು. ಅವ್ವ ಏನೂ ಹೇಳಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಮಾತ್ರ, "ಅವರು ಬಾರ್ಡರ್‌ನಾಗ ಇದ್ದಾಗ ಯಾರೂ ಹಿಂಗ ಕೇಳಲಿಲ್ಲಲ್ಲೋ" ಅಂದಳು.

ಊರಲ್ಲಿ ಜನ "ಮಿಲಿಟರಿಯವರ ಮನೆ, ನಿಮಗೇನ್ ಕಮ್ಮಿ" ಅಂತಾರೆ. ಅವರಿಗೆ ಗೊತ್ತಿರೋದು ಯುದ್ಧದಲ್ಲಿ ಮಡಿದವರ ಮನೆಗೆ ಸಿಗುವ ಪೆನ್ಶನ್. ಅದು ಕೊನೆಯ ಸಂಬಳದಷ್ಟೇ ಇರುತ್ತದೆ. ಸೇವೆಯ ಕಾರಣದಿಂದಲೇ ಸಾವು ಬಂದರೆ ಆ ಸಂಬಳದ ಶೇ. 60. ನಮ್ಮಪ್ಪನ ಹಾಗೆ ನಿವೃತ್ತರಾಗಿ, ವಯಸ್ಸಾಗಿ ಹೋದವರ ಮನೆಗೆ ಶೇ. 30. ಅಪ್ಪನ ಪೆನ್ಶನ್ ಕೊನೆಯ ಸಂಬಳದ ಅರ್ಧ. ಅಂದರೆ ಅವರಿಗೆ 100 ರೂಪಾಯಿ ಬರುತ್ತಿದ್ದ ಕಡೆ ಅವ್ವನಿಗೆ ಈಗ ಹೆಚ್ಚುಕಮ್ಮಿ 60. ಕನಿಷ್ಠ ತಿಂಗಳಿಗೆ 9,000, ಅದರ ಮೇಲೆ ತುಟ್ಟಿಭತ್ಯೆ.

ನಿವೃತ್ತರು ತೀರಿಕೊಂಡ ಮೇಲೆ ಏಳು ವರ್ಷ ಹೆಚ್ಚಿನ ದರ ಕೊಡೋ ನಿಯಮವೂ ಇದೆ. ಆದರೆ ಅದು ಗಂಡನಿಗೆ 67 ತುಂಬಬೇಕಿದ್ದ ದಿನಕ್ಕೇ ನಿಂತುಬಿಡುತ್ತದೆ. ಅಪ್ಪ ಹೋದಾಗ 71. ಅವ್ವನಿಗೆ ಒಂದು ತಿಂಗಳೂ ಸಿಗಲಿಲ್ಲ. ಗಂಡ ಜಾಸ್ತಿ ವರ್ಷ ಬದುಕಿದ ಅಂತ ಹೆಂಡತಿಯ ಕೈಗೆ ಕಮ್ಮಿ ಬರೋದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ಅಪ್ಪನ ಕರೆಂಟ್ ಬಿಲ್ಲು, ಅಪ್ಪನ ಮನೆ ರಿಪೇರಿ ಅಪ್ಪನ ಜೊತೆ ಹೋಗಲ್ಲ ಅಲ್ವಾ?

ಇನ್ನೊಂದು ಪೆಟ್ಟು ನಮ್ಮ ತಪ್ಪಿನಿಂದಲೇ ಬಿತ್ತು. ಅಪ್ಪ ಹೋದ ಮೇಲೂ ಎರಡು ತಿಂಗಳ ಪೆನ್ಶನ್ ಅವರ ಖಾತೆಗೆ ಬಂತು. ನಾವು ದಿವಸದ ಖರ್ಚಿಗೆ ಎಟಿಎಂನಿಂದ ತೆಗೆದೆವು. ಆಮೇಲೆ ಅವ್ವನ ಬಾಕಿ ಹಣದಲ್ಲಿ ಅದನ್ನೆಲ್ಲ ಮುರಿದುಕೊಂಡರು. ಸಾವಿನ ವಿಷಯವನ್ನು ಸೈನಿಕರ ಪೆನ್ಶನ್ ನೋಡಿಕೊಳ್ಳುವ ಸ್ಪರ್ಶ್ ಪೋರ್ಟಲ್‌ನಲ್ಲಿ ಕೂಡಲೇ ತಿಳಿಸಬೇಕು, ಆ ಹಣ ಮುಟ್ಟಬಾರದು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಬೇರೆಯೇ. ಅಪ್ಪ ಪ್ರತಿ ವರ್ಷ ಜೀವನ ಪ್ರಮಾಣ ಪತ್ರ ಕೊಡೋಕೆ ಹೋಗುತ್ತಿದ್ದರು. ಎಷ್ಟೋ ಸಲ ಅವ್ವನೂ ಜೊತೆಗೆ ಹೋಗಿ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದಳು. ನೀವು ಬದುಕಿದ್ದೀರಾ ಅಂತ ವರ್ಷ ವರ್ಷ ಕೇಳಿದವರು, ನಿಮ್ಮ ಹೆಂಡತಿ ಹೆಸರು ಸರಿ ಇದೆಯಾ ಅಂತ ಒಂದೇ ಒಂದು ಸಲ ಕೇಳಿದ್ದರೆ? ಅಪ್ಪ ಒಂದು ಸಹಿ ಹಾಕಿ ಮುಗಿಸಿಬಿಡುತ್ತಿದ್ದರು. ಅಪ್ಪ ಇದ್ದಾಗ ಐದು ನಿಮಿಷದಲ್ಲಿ ಹೇಳಬಹುದಾಗಿದ್ದನ್ನು ಸಾಬೀತು ಮಾಡೋಕೆ ಅವ್ವನಿಗೆ ಏಳು ತಿಂಗಳು ಹಿಡಿಯಿತು. ಆ ಒಂದು ಪ್ರಶ್ನೆಯನ್ನು ಕಡ್ಡಾಯ ಮಾಡಲಿ. ಹೆಸರು ತಿದ್ದೋವರೆಗೆ ಆ ಕನಿಷ್ಠ 9,000 ಆದರೂ ಖಾತೆಗೆ ಹಾಕಲಿ, ಆಮೇಲೆ ಹೊಂದಿಸಿಕೊಳ್ಳಲಿ.

ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಇವತ್ತೇ ಪಿಪಿಒ ತೆಗೆದು ನೋಡಿ. ಹೆಂಡತಿಯ ಹೆಸರು ಆಧಾರ್‌ನಲ್ಲಿರುವ ಹಾಗೇ ಇದೆಯಾ? ಹುಟ್ಟಿದ ತಾರೀಖು ಇದೆಯಾ? 80 ತುಂಬಿದ ಮೇಲೆ ಫ್ಯಾಮಿಲಿ ಪೆನ್ಶನ್ ಶೇ. 20 ಜಾಸ್ತಿಯಾಗುತ್ತದೆ. ತಾರೀಖೇ ಇಲ್ಲದಿದ್ದರೆ 80 ಆಯ್ತು ಅಂತ ಯಾರಿಗೆ ಗೊತ್ತಾಗಬೇಕು? ಅಂಗವಿಕಲ ಮಕ್ಕಳಿದ್ದರೆ, ಗಂಡನಿಲ್ಲದ ಮಗಳು ತವರಲ್ಲಿದ್ದರೆ ಅವರ ಹೆಸರೂ ಸೇರಿಸಿ. ಮುಂದೆ ಅವರಿಗೂ ಹಕ್ಕು ಬರಬಹುದು. ಇದಕ್ಕೆಲ್ಲ ಬರೆಯಬೇಕಾದ್ದು ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸ್‌ಗೆ. ಅದು ಆರ್ಟಿಲರಿಯವರದ್ದು ನಾಸಿಕ್‌ನಲ್ಲಿ, ಸಿಗ್ನಲ್ಸ್‌ನವರದ್ದು ಜಬಲ್ಪುರದಲ್ಲಿ, ಮರಾಠಾ ಲೈಟ್ ಇನ್‌ಫಂಟ್ರಿಯವರದ್ದು ಬೆಳಗಾವಿಯಲ್ಲೇ. ಎಲ್ಲಿಗೆ ಬರೆಯಬೇಕು ಅಂತ ಗೊತ್ತಾಗದಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೇಳಿ.

ಈಗ ಜೀವನ ಪ್ರಮಾಣ ಅವ್ವನ ಸರದಿ. ಕಳೆ ಕಿತ್ತು ಕಿತ್ತು ಸವೆದ ಬೆರಳು, ಮಷಿನ್ ಹಿಡಿಯಲಿಲ್ಲ. ನಾಲ್ಕು ಸಲ ಸೆರಗಿಗೆ ಒರೆಸಿ ಇಟ್ಟಳು. ಕೊನೆಗೆ ಮೊಬೈಲ್‌ನಲ್ಲಿ ಮುಖ ತೋರಿಸಿ ಮಾಡಿದೆವು. ಹಾಗೂ ಆಗುತ್ತದೆ, ವಯಸ್ಸಾದವರನ್ನು ಸುಮ್ನೆ ಅಲೆಸಬೇಡಿ.

ಹೆಸರು ತಿದ್ದೋಕೆ ಅಫಿಡವಿಟ್ ಹೇಗೆ ಬರೆಸಬೇಕು ಅಂತ ಯಾರಿಗಾದರೂ ಬೇಕಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಅವ್ವನದ್ದರ ಒಂದು ಪ್ರತಿ ಇಟ್ಟುಕೊಂಡಿದ್ದೇನೆ.