ಕೂನೂರಿನಿಂದ ನಮ್ಮ ಘಾಟಿ ರೈಲಿನ ಕಡೆಗೆ

ನಾನು ಸಕಲೇಶಪುರದವನು, ಈಗ ಇರುವುದು ನೀಲಗಿರಿಯ ಕೂನೂರಿನಲ್ಲಿ. ಎರಡೂ ಬೆಟ್ಟದೂರುಗಳೇ, ಎರಡಕ್ಕೂ ಘಾಟಿ ರೈಲಿದೆ. ಹಳೆಯದನ್ನು ಉಳಿಸಿಕೊಳ್ಳುವ ರೀತಿ ಮಾತ್ರ ಬೇರೆ.

ನೀಲಗಿರಿಗೆ ರೈಲು ಬೇಕು ಅನ್ನುವ ಮಾತು ಎದ್ದದ್ದು 1854ರಲ್ಲಿ. ಬೆಟ್ಟದ ಬುಡದ ಮೆಟ್ಟುಪಾಳಯಂನಿಂದ ಕೂನೂರಿಗೆ ಅದು ಹತ್ತಿ ಬಂದದ್ದು 1899ಕ್ಕೆ. ಊಟಿ ಮುಟ್ಟಿದ್ದು 1908ರಲ್ಲಿ. ಅಲ್ಲಿವರೆಗೆ ಕೂನೂರೇ ಕೊನೆಯ ನಿಲ್ದಾಣ. ಊಟಿಗೆ ಹೊರಟ ಗಾಡಿ ಇವತ್ತಿಗೂ ಇಲ್ಲಿಂದ ಮೊದಲು ಸ್ವಲ್ಪ ಹಿಂದಕ್ಕೆ ಸರಿದು, ಆಮೇಲೆ ಮೇಲಿನ ದಾರಿ ಹಿಡಿಯುತ್ತದೆ.

ದಾರಿಯಲ್ಲಿ ಸಿಗುವ ಕಲ್ಲಾರಿನಿಂದ ಕೂನೂರಿನವರೆಗಿನ ಏರು ಭಾರೀ ಕಡಿದು. ಹನ್ನೆರಡೂವರೆ ಅಡಿ ಮುಂದೆ ಹೋದರೆ ಒಂದಡಿ ಮೇಲೆ. ಅಲ್ಲಿ ಸಾದಾ ಚಕ್ರದ ಆಟ ನಡೆಯಲ್ಲ. ಅದಕ್ಕೇ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿದ್ದಾರೆ. ಇಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಬೋಗಿಗಳನ್ನು ಹಿಂದಿನಿಂದ ತಳ್ಳುತ್ತದೆ. ಈಗಿನ ಮಾದರಿಯ ಇಂಜಿನ್‌ಗಳನ್ನು ಮೊದಲು ಮಾಡಿ ಕಳಿಸಿದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಕಾರ್ಖಾನೆ. ಅವಕ್ಕೆ ವಯಸ್ಸಾದಾಗ ತಿರುಚಿಯ ಪೊನ್‌ಮಲೈ ಕಾರ್ಖಾನೆಯವರು ಅದೇ ಮಾದರಿಯ ಹೊಸ ಉಗಿ ಇಂಜಿನ್ ಕಟ್ಟಿದರು. 2005ರಲ್ಲಿ ಸಿಕ್ಕ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಕ್ಕಿಂತ ನನಗೆ ಇದೇ ಜಾಸ್ತಿ ಅನಿಸುತ್ತದೆ. ಕೆಲಸ ಬಲ್ಲವರು ಇನ್ನೂ ಇದ್ದಾರೆ ಅಲ್ವಾ?

ಹಾಗಂತ ಸುಮ್ನೆ ಹೊಗಳಲಾರೆ. ಈ ರೈಲಿನ ಟಿಕೆಟ್ ಹೆಚ್ಚಾಗಿ ಪ್ರವಾಸಿಗರ ಪಾಲು. ಊಟಿಗೆ ಕೆಲಸಕ್ಕೆ ಹೋಗುವವರು ಬಸ್ಸನ್ನೇ ನಂಬಿದ್ದಾರೆ.

ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯಲ್ಲಿ 57 ಸುರಂಗಗಳಿವೆ. 1979ರಲ್ಲಿ ಶುರುವಾದ ಮೀಟರ್‌ಗೇಜ್ (ಒಂದು ಮೀಟರ್ ಅಗಲದ ಹಳಿ) ದಾರಿಯನ್ನು 1996ರಲ್ಲಿ ಬ್ರಾಡ್‌ಗೇಜ್ (ಅಗಲ ಹಳಿ) ಮಾಡಲೆಂದು ಮುಚ್ಚಿದರು. ಜನ ಮತ್ತೆ ರೈಲು ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಕಾಯುವುದು ಕಷ್ಟವೇ ಆಯಿತು. ಆದರೂ ಬ್ರಾಡ್‌ಗೇಜ್ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಮಂಗಳೂರು ಬಂದರಿನ ಸರಕನ್ನು ಮೀಟರ್‌ಗೇಜಿನಲ್ಲಿ ಎಷ್ಟು ಅಂತ ಸಾಗಿಸೋದು? ಈಗ ರಾತ್ರಿ ಬೆಂಗಳೂರಿನಲ್ಲಿ ಹತ್ತಿದವರು ಬೆಳಿಗ್ಗೆ ಮಂಗಳೂರಿನಲ್ಲಿ ಇಳಿಯುತ್ತಾರೆ.

ನನ್ನ ತಕರಾರು ಇರುವುದು ಹಳೆಯ ಗಾಡಿಯನ್ನು ನಾವು ಮರೆತ ಬಗೆಗೆ. ಈ ಘಾಟಿಯ ನಡುವಿನ ನಿಲ್ದಾಣ ಎಡಕುಮೇರಿ ಅಂದರೆ ಈಗ ಚಾರಣದ ಫೋಟೊ, ಅಷ್ಟೇ. ಆ ಸುರಂಗ ಕೊರೆದವರು, ಮಳೆಗಾಲದಲ್ಲಿ ಗುಡ್ಡ ಜರಿದಾಗ ಹಳಿ ಕಾದ ಗ್ಯಾಂಗ್‌ಮನ್‌ಗಳು ಯಾರು ಅಂತ ಕೇಳಿದವರು ಕಡಿಮೆ. ಕೂನೂರಿನ ಹಳಿ ಹಾಕಿದ ಕೂಲಿಗಳನ್ನು ಈಗ ಕೇಳುವ ಹಾಗಿಲ್ಲ. ನಮ್ಮ ಘಾಟಿಯಲ್ಲಿ ದುಡಿದವರಲ್ಲಿ ಎಷ್ಟೋ ಜನ ಮನೆ ಜಗುಲಿಯಲ್ಲೇ ಸಿಗುತ್ತಾರೆ. ಹಾಸನದ, ಪುತ್ತೂರಿನ ಕಾಲೇಜು ಹುಡುಗರು ಮೊಬೈಲ್ ಹಿಡಿದು ಹೋಗಿ ಕೂತು ಅವರ ಮಾತು ದಾಖಲಿಸಿಕೊಂಡರೆ ಸಾಕು. ಇದಕ್ಕೆ ರೈಲ್ವೆಯ ಅನುಮತಿಯೂ ಬೇಡ, ಅನುದಾನವೂ ಬೇಡ.