ಶಾಖ ಮೊದಲು ಬರಲಿ, ಸ್ಟೆಮ್ ಸೆಲ್ ಪರೀಕ್ಷೆ ಮುಗಿಸಿ ಬರಲಿ

ಬೆಂಗಳೂರಿನಲ್ಲಿ ಮನೆಯವರೊಬ್ಬರಿಗೆ ಕ್ಯಾನ್ಸರ್ ಅಂದ ಕೂಡಲೇ ಯಾರಾದರೂ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಹೆಸರು ಎತ್ತುತ್ತಾರೆ. ಗಡ್ಡೆಯನ್ನು ಬಿಸಿ ಮಾಡುವ ಶಾಖ ಚಿಕಿತ್ಸೆ ಅಂದರೆ ಮಾತ್ರ ‘ಹಾಗಂದ್ರೇನು?’ ಅಂತಾರೆ. ನಾನಿರುವ ನೆದರ್ಲೆಂಡ್ಸ್‌ನಲ್ಲಿ ಇದು ಉಲ್ಟಾ. ಗರ್ಭಕಂಠದ ಕ್ಯಾನ್ಸರ್ ಇದ್ದವರಲ್ಲಿ ಕೆಲವರಿಗೆ ರೇಡಿಯೇಷನ್ ಜೊತೆ ಶಾಖ ಕೊಡುವುದು ಇಲ್ಲಿ ವರ್ಷಗಳಿಂದ ನಡೆದುಬಂದಿದೆ. ಗಡ್ಡೆಗೆ ಸ್ಟೆಮ್ ಸೆಲ್ ಕೊಡುವ ಮಾತು ಬಂದರೆ, ಅದಿನ್ನೂ ಪ್ರಯೋಗದಲ್ಲಿದೆ ಅಂತ ವೈದ್ಯರು ಅಲ್ಲಿಗೇ ನಿಲ್ಲಿಸುತ್ತಾರೆ. ನಮ್ಮೂರಲ್ಲೂ ಇದೇ ಕ್ರಮ ಬರಬೇಕು ಅನ್ನುವುದು ನನ್ನ ಅನಿಸಿಕೆ.

ರಕ್ತದ ಕ್ಯಾನ್ಸರಿಗೆ ಮಾಡುವ ಅಸ್ಥಿಮಜ್ಜೆ ಕಸಿಯ ಮಾತು ಬೇರೆ. ಅದೂ ಸ್ಟೆಮ್ ಸೆಲ್ಲೇ, ದಶಕಗಳಿಂದ ಜೀವ ಉಳಿಸುತ್ತಿದೆ. ನಾನು ಹೇಳುತ್ತಿರುವುದು ಗಟ್ಟಿ ಗಡ್ಡೆಗಳ ವಿಷಯ.

ಶಾಖ, ಸ್ಟೆಮ್ ಸೆಲ್ ಎರಡನ್ನೂ ಸೇರಿಸುವ ಆಲೋಚನೆ ನನಗೆ ತುಂಬಾ ಇಷ್ಟ. ಕ್ಯಾನ್ಸರ್ ಗಡ್ಡೆ ಮಾಯದ ಗಾಯದ ಹಾಗೆ ವರ್ತಿಸುತ್ತದೆ, ಉರಿಯೂತದ ಸಂದೇಶಗಳನ್ನು ಕಳಿಸುತ್ತಲೇ ಇರುತ್ತದೆ. ಮಜ್ಜೆಯಿಂದಲೋ ಕೊಬ್ಬಿನಿಂದಲೋ ತೆಗೆದ ಮೆಸೆಂಕೈಮಲ್ ಸ್ಟೆಮ್ ಸೆಲ್‌ಗಳು ಆ ಜಾಡು ಹಿಡಿದು ಅತ್ತ ಹೋಗುತ್ತವೆ. ಹೋಗುವಾಗ ಔಷಧಿಯನ್ನೂ ಹೊತ್ತು ಹೋಗಲಿ ಅನ್ನುವುದು ವಿಜ್ಞಾನಿಗಳ ಲೆಕ್ಕಾಚಾರ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಈ ಕೋಶಗಳಿಗೆ ಅಯಸ್ಕಾಂತಕ್ಕೆ ಸ್ಪಂದಿಸುವ ನ್ಯಾನೋ ಕಣಗಳನ್ನು ತುಂಬಿದರು. ಜೊತೆಗೆ ಟ್ರೇಲ್ ಅನ್ನುವ ಪ್ರೋಟೀನಿನ ಜೀನ್ ಇಟ್ಟರು. ಈ ಪ್ರೋಟೀನ್ ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತದೆ, ಆರೋಗ್ಯವಾಗಿರುವ ಕೋಶಗಳನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಹೊರಗಿನಿಂದ ಕಾಂತಕ್ಷೇತ್ರ ಹಾಯಿಸಿದರೆ ಕಣಗಳು ಬಿಸಿಯಾಗುತ್ತವೆ. ಆ ಹದವಾದ ಬಿಸಿಗೆ ಜೀನ್ ಎಚ್ಚರಗೊಂಡು ಪ್ರೋಟೀನ್ ತಯಾರಾಗುತ್ತದೆ. ಎಲ್ಲಿ ಬಿಸಿ ಕೊಡುತ್ತೀರೋ ಅಲ್ಲೇ ಔಷಧಿ!

ಆದರೆ ಅವರು ಇದನ್ನು ತೋರಿಸಿದ್ದು ಲ್ಯಾಬಿನಲ್ಲಿ, ಅಂಡಾಶಯದ ಕ್ಯಾನ್ಸರ್ ಕೋಶಗಳ ಮೇಲೆ ಮತ್ತು ಇಲಿಗಳಲ್ಲಿ. ಮನುಷ್ಯರ ಮೈಯೊಳಗೆ ತೊಡಕುಗಳು ಜಾಸ್ತಿ. ರಕ್ತನಾಳಕ್ಕೆ ಚುಚ್ಚಿದ ಈ ಕೋಶಗಳಲ್ಲಿ ಬಹಳಷ್ಟು ಮೊದಲು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಕೆಲವು ಪ್ರಯೋಗಗಳಲ್ಲಿ ಇವು ಗಡ್ಡೆ ಬೆಳೆಯುವುದಕ್ಕೇ ನೆರವಾಗಿವೆ. ಬಿಸಿ ಹೆಚ್ಚಾದರೆ ಔಷಧಿ ಹೊತ್ತ ಕೋಶವೇ ಸತ್ತುಹೋಗುತ್ತದೆ.

ಹೋದ ವರ್ಷ ನಮ್ಮ ಚಿಕ್ಕಮ್ಮನಿಗೆ ಬೆಂಗಳೂರಿನಲ್ಲಿ ಕರೆಂಟ್, ಅಂದರೆ ರೇಡಿಯೇಷನ್, ಕೊಡುತ್ತಿದ್ದರು. ಅವರ ಮಗಳು ವಾಟ್ಸಾಪ್‌ನಲ್ಲಿ ಒಂದು ಕ್ಲಿನಿಕ್ಕಿನ ಕರಪತ್ರ ಕಳಿಸಿದಳು. ‘ಅಣ್ಣಾ, ಇದನ್ನೂ ಮಾಡಿಸಿಬಿಡೋಣ್ವಾ? ಸೈಟ್ ಮಾರಿದ್ರೆ ದುಡ್ಡು ಹೊಂದುತ್ತೆ.’ ಕರಪತ್ರದ ತುಂಬಾ ಸ್ಟೆಮ್ ಸೆಲ್, ನಗುತ್ತಿರುವ ಮುಖಗಳು, ಕಂತಿನಲ್ಲಿ ಕಟ್ಟುವ ಸೌಲಭ್ಯ. ಪ್ರಯೋಗದ ನೋಂದಣಿ ಸಂಖ್ಯೆ ಎಲ್ಲೂ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಈ ವಿಷಯದಲ್ಲಿ ಖಡಾಖಂಡಿತವಾಗಿದೆ. ಒಪ್ಪಿಗೆ ಸಿಕ್ಕ ಕಾಯಿಲೆಗಳನ್ನು ಬಿಟ್ಟರೆ, ಅನುಮತಿ ಪಡೆದ ಪ್ರಯೋಗದ ಹೊರಗೆ ರೋಗಿಗೆ ಸ್ಟೆಮ್ ಸೆಲ್ ಕೊಡುವುದು ಅನೈತಿಕ, ವೃತ್ತಿದ್ರೋಹ. ‘ಸೈಟ್ ಮಾರಬೇಡಮ್ಮ’ ಅಂದೆ. ಆ ಹುಡುಗಿ ಫೋನಿನಲ್ಲಿ ಅತ್ತಳು. ಅಮ್ಮನಿಗಾಗಿ ಇನ್ನೇನು ಮಾಡಬಹುದು ಅನ್ನುವ ಸಂಕಟ ಅದು. ಆ ಸಂಕಟವನ್ನೇ ವ್ಯಾಪಾರ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇಲ್ಲಿ ನೆದರ್ಲೆಂಡ್ಸ್‌ನಲ್ಲಿ ಶಾಖ ಹೇಗೆ ಕೊಡುತ್ತಾರೆ ಅಂತ ಹೇಳುತ್ತೇನೆ. ರೇಡಿಯೇಷನ್ ನಡೆಯುವ ವಾರಗಳಲ್ಲಿ ವಾರಕ್ಕೊಂದು ಸಲ, ಒಟ್ಟು ಐದು ಸಲ. ರೋಗಿ ಮಲಗುತ್ತಾರೆ. ಸೊಂಟದ ಸುತ್ತ ಆಂಟೆನಾಗಳ ಬಳೆ, ಅದಕ್ಕೂ ಚರ್ಮಕ್ಕೂ ನಡುವೆ ನೀರು ತುಂಬಿದ ಚೀಲ. ರೇಡಿಯೋ ಅಲೆಗಳು ಒಳಗಿನ ಗಡ್ಡೆಯನ್ನು 40ರಿಂದ 43 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತವೆ. ತೆಳ್ಳನೆಯ ತಂತಿಯಂಥ ಥರ್ಮಾಮೀಟರ್‌ಗಳು ಒಳಗಿನ ಬಿಸಿ ಎಷ್ಟೆಂದು ಹೇಳುತ್ತಲೇ ಇರುತ್ತವೆ. ಎಲ್ಲಾದರೂ ಚುರುಕ್ ಅಂದರೆ ರೋಗಿ ಹೇಳಬೇಕು, ಕೂಡಲೇ ಅಲೆಗಳನ್ನು ಹೊಂದಿಸುತ್ತಾರೆ. ಒಂದು, ಒಂದೂವರೆ ಗಂಟೆಯ ಕೆಲಸ. ಬಿಸಿಯಾದ ಗಡ್ಡೆಗೆ ರಕ್ತ, ಆಮ್ಲಜನಕ ಹೆಚ್ಚು ಹರಿಯುತ್ತದೆ. ರೇಡಿಯೇಷನ್ ಮುರಿದ ಡಿಎನ್‌ಎಯನ್ನು ರಿಪೇರಿ ಮಾಡಿಕೊಳ್ಳುವ ತಾಕತ್ತು ಕ್ಯಾನ್ಸರ್ ಕೋಶಕ್ಕೆ ತಗ್ಗುತ್ತದೆ.

2000ದಲ್ಲಿ ಡಚ್ಚರು ಪ್ರಕಟಿಸಿದ ಪರೀಕ್ಷೆಯಲ್ಲಿ ಗರ್ಭಕಂಠದ ಕ್ಯಾನ್ಸರಿನ 114 ಹೆಂಗಸರಿದ್ದರು. ರೇಡಿಯೇಷನ್ ಒಂದನ್ನೇ ಪಡೆದವರಲ್ಲಿ 3 ವರ್ಷದ ನಂತರ ಬದುಕಿದ್ದವರು ನೂರಕ್ಕೆ 27, ಶಾಖವನ್ನೂ ಪಡೆದವರಲ್ಲಿ 51. 12 ವರ್ಷದ ನಂತರ 20 ಮತ್ತು 37. ಎಲ್ಲ ಪರೀಕ್ಷೆಗಳೂ ಹೀಗೇ ಹೇಳಿಲ್ಲ. ಭಾರತವೂ ಸೇರಿದ್ದ, 2005ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಲಾಭ ಕಾಣಲಿಲ್ಲ. ಅಲ್ಲಿ ಬಿಸಿ ಮಾಡಿದ ಯಂತ್ರವೂ ವಿಧಾನವೂ ಬೇರೆ. ಹಾಗಾಗಿ ಯಂತ್ರ ತಂದಿಟ್ಟರೆ ಸಾಲದು, ಬಿಸಿಯನ್ನು ಅಳೆದು ನಡೆಸುವ ಪಳಗಿದ ಜನ ಬೇಕು.

ಜನ ಬೆಂಗಳೂರಿಗೆ ಕಮ್ಮಿಯಾ? ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಸ್ಟೆಮ್ ಸೆಲ್ ಸಂಶೋಧನೆಗೆಂದೇ ಇನ್‌ಸ್ಟೆಮ್ ಅನ್ನುವ ಸಂಸ್ಥೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯವರು ಕಬ್ಬಿಣ ಲೇಪಿಸಿದ ನ್ಯಾನೋ ರೋಬಾಟ್‌ಗಳನ್ನು ಹಲ್ಲಿನ ಸೂಕ್ಷ್ಮ ನಾಳಗಳೊಳಗೆ ನಡೆಸಿ, ಕಾಂತಕ್ಷೇತ್ರದಿಂದ ಬಿಸಿ ಮಾಡಿ ಬ್ಯಾಕ್ಟೀರಿಯಾ ಕೊಂದದ್ದನ್ನು 2022ರಲ್ಲಿ ತೋರಿಸಿದರು. ಹೊಟ್ಟೆಯೊಳಗೆ ಬಿಸಿ ಕೀಮೋ ಹಾಯಿಸುವ ಹೈಪೆಕ್ ನಗರದ ಕೆಲವು ಆಸ್ಪತ್ರೆಗಳಲ್ಲಿ ಆಗಲೇ ನಡೆಯುತ್ತಿದೆ. ಇವರೆಲ್ಲ ಒಂದೆಡೆ ಕೂತರೆ ಶಾಖ, ಸ್ಟೆಮ್ ಸೆಲ್ ಜೋಡಿಯ ಮೇಲೆ ಒಳ್ಳೆಯ ಸಂಶೋಧನೆ ನಮ್ಮಲ್ಲೇ ನಡೆಯಬಲ್ಲದು. ಮುಂದೆ ಅದು ರೋಗಿಗಳ ಮೇಲಿನ ಪ್ರಯೋಗದ ಹಂತಕ್ಕೆ ಬಂದರೆ, ನೋಂದಣಿ ಮಾಡಿಸಿ, ರೋಗಿಯಿಂದ ಒಂದು ಪೈಸೆ ಮುಟ್ಟದೆ ಮಾಡಲಿ.

ಅದು ಕೈಗೂಡುವವರೆಗೆ ಹೊಸೂರು ರಸ್ತೆಯ ಕಿದ್ವಾಯಿಯಂಥ ಸರ್ಕಾರಿ ಆಸ್ಪತ್ರೆಯ ರೇಡಿಯೇಷನ್ ವಿಭಾಗದಲ್ಲಿ ಶಾಖಕ್ಕೊಂದು ಕೋಣೆ ಆಗಲಿ. ಅಲ್ಲಿ ದಿನವೂ ಉದ್ದದ ಸಾಲು ಇರುತ್ತದೆ, ಒಬ್ಬರಿಗೆ ಒಂದೂವರೆ ಗಂಟೆ ಕೊಡುವುದು ಸುಲಭವಲ್ಲ, ಒಪ್ಪುತ್ತೇನೆ. ಅದಕ್ಕೇ ಎಲ್ಲರಿಗೂ ಬೇಡ. ಈಗ ಗರ್ಭಕಂಠದ ಕ್ಯಾನ್ಸರಿಗೆ ರೇಡಿಯೇಷನ್ ಜೊತೆ ಸಿಸ್ಪ್ಲಾಟಿನ್ ಅನ್ನುವ ಕೀಮೋ ಔಷಧಿ ಕೊಡುವುದು ವಾಡಿಕೆ. ಹಳ್ಳಿಗಳಿಂದ ತಡವಾಗಿ ಬರುವ ಎಷ್ಟೋ ಹೆಂಗಸರಲ್ಲಿ ಗಡ್ಡೆ ಮೂತ್ರನಾಳವನ್ನು ಒತ್ತಿ ಕಿಡ್ನಿ ಸೋತಿರುತ್ತದೆ. ಅಂಥವರಿಗೆ ಸಿಸ್ಪ್ಲಾಟಿನ್ ಕೊಡುವಂತಿಲ್ಲ, ಬರೀ ಕರೆಂಟ್ ಕೊಟ್ಟು ಕಳಿಸಬೇಕಾಗುತ್ತದೆ. ಆ ಐದು ವಾರದ ಶಾಖ ಮೊದಲು ಸಿಗಬೇಕಾದ್ದು ಅವರಿಗೆ.