ಟೆಸ್ಟ್, ಟೆಸ್ಟ್ 2, ಟೆಸ್ಟ್ ಟೆಸ್ಟ್

ಇ-ಮೇಲಿನ ಸಬ್ಜೆಕ್ಟ್ ಜಾಗದಲ್ಲಿ ‘ಟೆಸ್ಟ್’. ತೆರೆದರೆ ಒಳಗೂ ‘ಟೆಸ್ಟ್’. ಐದು ನಿಮಿಷದ ಮೇಲೆ ‘ಟೆಸ್ಟ್ 2’, ಆಮೇಲೆ ‘ಟೆಸ್ಟ್ ಟೆಸ್ಟ್’, ಕೊನೆಗೆ ಸಿಟ್ಟಿನಲ್ಲಿ ಬರೀ ‘ಅಅಅಅ’. ಬಂದ ಬಿಲ್ಲುಗಳನ್ನೆಲ್ಲ ತಾನಾಗಿಯೇ ಒಂದು ಫೋಲ್ಡರಿಗೆ ತಳ್ಳುವ ರೂಲನ್ನು ಪರೀಕ್ಷಿಸುವ ಕ್ರಮವಂತೆ ಇದು. ಬಿಲ್ ಎಂಬ ಪದವೇ ಇಲ್ಲದ ಮೇಲ್ ಬಿಲ್ಲಿನ ಫೋಲ್ಡರಿಗೆ ಹೋಗಲಿಲ್ಲವೆಂದು ದೂರು ಬೇರೆ!

ಸ್ವಲ್ಪ ಜಾಣರು ಸಬ್ಜೆಕ್ಟಿನಲ್ಲಿ ‘ಬಿಲ್’ ಎಂದೇ ಬರೆದು ತಮಗೆ ತಾವೇ ಕಳಿಸಿಕೊಳ್ಳುತ್ತಾರೆ. ಮೇಲ್ ನೆಟ್ಟಗೆ ಹೋಗಿ ಫೋಲ್ಡರಿನಲ್ಲಿ ಕೂರುತ್ತದೆ. ಪ್ರಶ್ನೆಪತ್ರಿಕೆ ತೆಗೆದವರೇ ಉತ್ತರ ಬರೆದು ಅಂಕವನ್ನೂ ಕೊಟ್ಟುಕೊಂಡರೆ ಫೇಲಾಗುವುದುಂಟೇ? ನಿಜವಾದ ಬಿಲ್ಲು ಬರುವ ಚೆಂದವೇ ಬೇರೆ. ಹೆಸರು ಕಂಪನಿಯದು, ವಿಳಾಸ ಯಾವುದೋ ಮೇಲ್ ಕಳಿಸುವ ಸೇವೆಯದು, ಸಬ್ಜೆಕ್ಟಿನಲ್ಲಿ ‘ನಿಮ್ಮ ಇನ್‌ವಾಯ್ಸ್ ಸಿದ್ಧ’. ರೂಲ್ ಪಾಪ, ಬಿಲ್ ಬರುತ್ತದೆಂದು ಕಾಯುತ್ತಲೇ ಇರುತ್ತದೆ.

ಇದಕ್ಕೆ ಹೊಸ ಮೇಲೇ ಬೇಡ. ಜಿಮೇಲಿನಲ್ಲಾದರೆ ರೂಲಿನ ಷರತ್ತನ್ನು ಮೊದಲು ಸರ್ಚ್ ಪೆಟ್ಟಿಗೆಗೆ ಹಾಕಿ ನೋಡಬೇಕು. ಹಳೆಯ ಬಿಲ್ಲುಗಳಲ್ಲಿ ಯಾವುದು ಸಿಕ್ಕಿತು, ಯಾವುದು ತಪ್ಪಿಸಿಕೊಂಡಿತು, ಬಿಲ್ಲಲ್ಲದ್ದು ಯಾವುದು ಬಲೆಗೆ ಬಿತ್ತು, ಮೂರೂ ಕಾಣುತ್ತವೆ. ಮೂರನೆಯದನ್ನು ಯಾರೂ ನೋಡುವುದಿಲ್ಲ, ಕೆಡುಕೆಲ್ಲ ಇರುವುದು ಅಲ್ಲೇ. ಔಟ್‌ಲುಕ್‌ನವರು ರೂಲುಗಳ ಸರದಿಯನ್ನೂ ನೋಡಬೇಕು. ಮೇಲಿನದರಲ್ಲಿ ‘ಇಲ್ಲಿಗೇ ನಿಲ್ಲಿಸು’ ಎಂಬ ಟಿಕ್ ಇದ್ದರೆ ಕೆಳಗಿನದಕ್ಕೆ ಪಾಳಿ ಬರುವುದೇ ಇಲ್ಲ. ಮೊದಲ ವಾರ ಬರೀ ಲೇಬಲ್ ಅಂಟಿಸಲಿ, ಅಳಿಸುವ ಅಧಿಕಾರ ಆಮೇಲೆ ಕೊಡೋಣ.

ರಜೆಯ ಆಟೋ ರಿಪ್ಲೈ ಪರೀಕ್ಷಿಸುವವರ ಪಾಡು ಇನ್ನೂ ಸೊಗಸು. ಸೀವ್ ಎಂಬ ಫಿಲ್ಟರ್ ಭಾಷೆಯಲ್ಲಿ ‘ವೆಕೇಶನ್’ ಎಂಬುದೊಂದು ಅಪ್ಪಣೆ. ಅದರ ರೀತಿನೀತಿ ಇಂಟರ್‌ನೆಟ್ಟಿನ ಕಟ್ಟಳೆಗಳ ದಾಖಲೆಗಳಲ್ಲೊಂದಾದ 2008ರ ಆರ್‌ಎಫ್‌ಸಿ 5230ರಲ್ಲಿದೆ. ಒಬ್ಬರಿಗೆ ಒಮ್ಮೆ ‘ರಜೆಯಲ್ಲಿದ್ದೇನೆ’ ಎಂದ ಮೇಲೆ, ಬೇರೆ ಲೆಕ್ಕ ಕೊಟ್ಟಿರದಿದ್ದರೆ, ಸಾಮಾನ್ಯವಾಗಿ 7 ದಿನ ಅವರೆದುರು ಬಾಯಿ ಬಿಡುವುದಿಲ್ಲ. ಜಿಮೇಲಿನದು 4 ದಿನದ ಮೌನ. ಇಷ್ಟೂ ಸಂಕೋಚವಿಲ್ಲದಿದ್ದರೆ ರಜೆ ಹಾಕಿದ ಇಬ್ಬರ ಮೇಲ್‌ಬಾಕ್ಸುಗಳು ರಾತ್ರಿಯಿಡೀ ‘ನಾನಿಲ್ಲ’, ‘ನಾನೂ ಇಲ್ಲ’ ಎಂದು ಒಂದಕ್ಕೊಂದು ಹೇಳಿಕೊಳ್ಳುತ್ತಿದ್ದವು. ಪರೀಕ್ಷಕರಿಗೆ ಇದೆಲ್ಲ ಯಾರು ಹೇಳಬೇಕು? ಮೊದಲ ಟೆಸ್ಟಿಗೆ ಉತ್ತರ ಬಂತು. ಖಾತ್ರಿಗೆಂದು ಇನ್ನೊಂದು ಕಳಿಸಿದರು, ಸದ್ದಿಲ್ಲ. ಮತ್ತೊಂದು, ಊಹೂಂ. ಕೆಟ್ಟೇಹೋಯಿತೆಂದು ಸೆಟ್ಟಿಂಗ್ ತೆರೆದು, ಏನು ಮಾಡುವುದೆಂದು ತೋಚದೆ, ‘ನಮಸ್ಕಾರ’ದ ಮುಂದೊಂದು ಕಾಮಾ ಹಾಕಿ ಸೇವ್ ಮಾಡಿದರು. ಬಂತು ನೋಡಿ ಉತ್ತರ! ಒಕ್ಕಣೆ ಬದಲಾದರೆ ಅದು ಹೊಸ ಉತ್ತರ, ದಿನದ ಎಣಿಕೆ ಮೊದಲಿಂದ. ಸಂಗತಿ ಇಷ್ಟೇ. ಆದರೆ ಅಷ್ಟರಲ್ಲಿ ಕಾಮಾದ ಮಹಿಮೆ ಆಫೀಸಿಗೆಲ್ಲ ಹಬ್ಬಿರುತ್ತದೆ: ‘ನಮಸ್ಕಾರ ಆದ್ಮೇಲೆ ಕಾಮಾ ಹಾಕ್ರೀ, ಇಲ್ಲಾಂದ್ರೆ ರಿಪ್ಲೈ ಹೋಗಲ್ಲ.’ ಪಡೆಯುವವರ ವಿಳಾಸ ಮರೆಯಲ್ಲಿಡುವ ಬಿಸಿಸಿಯಲ್ಲಿ ಟೆಸ್ಟ್ ಕಳಿಸಿ ಕಾಯುವ ಪಂಗಡ ಇನ್ನೊಂದಿದೆ. ಟು, ಸಿಸಿ ಎರಡರಲ್ಲೂ ಒಡೆಯರ ವಿಳಾಸ ಕಾಣದಿದ್ದರೆ ಸೀವ್ ಉತ್ತರಿಸುವುದೇ ಇಲ್ಲ. ಅವರ ಕಾಮಾ ಕೂಡ ವ್ಯರ್ಥ.

ಸ್ಪ್ಯಾಮ್ ಫಿಲ್ಟರಿಗೆ ಇಂಥ ಗೋಳಿಲ್ಲ. ಪರೀಕ್ಷೆಗೆಂದೇ ಇರುವ ಜಿಟ್ಯೂಬ್ ಎಂಬ 68 ಅಕ್ಷರಗಳ ಸಾಲೊಂದನ್ನು ಮೇಲಿನೊಳಗೆ ಅಂಟಿಸಿ ಹೊರಗಿನ ಖಾತೆಯಿಂದ ಕಳಿಸಿದರೆ ಸ್ಪ್ಯಾಮ್‌ಅಸ್ಯಾಸಿನ್ ಎಂಬ ಫಿಲ್ಟರ್ ಸಾಮಾನ್ಯವಾಗಿ ಒಂದೇ ಏಟಿಗೆ 1000 ಅಂಕ ಹಾಕುತ್ತದೆ. 5 ಬಿದ್ದರೇ ಸ್ಪ್ಯಾಮ್. ಇದರಿಂದ ತಿಳಿಯುವುದು ಕಾವಲುಗಾರ ಎಚ್ಚರವಿದ್ದಾನೆಂದು ಮಾತ್ರ. ಕಳ್ಳನ ಗುರುತು ಹಿಡಿಯುತ್ತಾನೋ ಇಲ್ಲವೋ ಬೇರೆ ಮಾತು.

ಟೆಸ್ಟ್ ಮೇಲಿನ ತತ್ತ್ವವೊಂದನ್ನು ಹೇಳುವ ಉದ್ದೇಶವಿತ್ತು. ಆ ಕಾಮಾ ಅಡ್ಡ ಬಂತು. ಇರಲಿ. ಇಷ್ಟೆಲ್ಲ ಆಗುವಾಗ ಇನ್‌ಬಾಕ್ಸಿನಲ್ಲಿ ಮೂವತ್ತು ನಲವತ್ತು ‘ಟೆಸ್ಟ್’ಗಳು ಬಿದ್ದಿರುತ್ತವಲ್ಲ, ಅವನ್ನು ಗುಡಿಸಲು ಕಟ್ಟಕಡೆಗೊಂದು ರೂಲ್ ಹುಟ್ಟುತ್ತದೆ: ಸಬ್ಜೆಕ್ಟಿನಲ್ಲಿ ‘ಟೆಸ್ಟ್’ ಇದ್ದರೆ ಅಳಿಸು. ಇದೊಂದನ್ನು ಯಾರೂ ಪರೀಕ್ಷಿಸುವುದಿಲ್ಲ, ಇದೊಂದೇ ಮೊದಲ ಸಲಕ್ಕೇ ಸರಿಯಾಗಿ ನಡೆಯುತ್ತದೆ. ಲ್ಯಾಬಿನವರು ಕಳಿಸಿದ ‘ರಕ್ತದ ಟೆಸ್ಟ್ ರಿಪೋರ್ಟ್’ ಕಸದಬುಟ್ಟಿಯಲ್ಲಿರುತ್ತದೆ, ಜಿಮೇಲಿನಲ್ಲಾದರೆ 30 ದಿನ.